ದೀಪ ಆರಿದ ಮನೆ ಒಂದು, ತಂತಿ ಕಡಿದ ಜಾಗ ಇನ್ನೊಂದು

ಮಾನ್ಯ ಸಂಪಾದಕರೇ,

ಎರಡು ಭಾನುವಾರಗಳ ಹಿಂದೆ ನಿಮ್ಮ ಪುರವಣಿಯಲ್ಲಿ ಪಾರ್ಶ್ವವಾಯುವಿನ ಬಗ್ಗೆ ಒಂದು ಲೇಖನ ಬಂದಿತ್ತು. ಜೊತೆಗೆ ಅರ್ಧ ಪುಟದ ಬಣ್ಣದ ಚಿತ್ರ. ಬೂದು ಬಣ್ಣದ ಮಿದುಳು, ಅದರ ಎಡಗಡೆ ಕೆಂಪು ಹಳದಿ ಮಚ್ಚೆ, ಕೆಳಗೆ ‘ಮಾತಿನ ಕೇಂದ್ರ ಇಲ್ಲಿದೆ, ಇಲ್ಲಿ ಪೆಟ್ಟಾದರೆ ಮಾತು ಮರಳದು’ ಎಂಬ ಅಡಿಬರಹ. ಲೇಖನದ ಒಳಗೆ ಇಷ್ಟು ಕಡ್ಡಿ ಮುರಿದ ಹಾಗೆ ಎಲ್ಲೂ ಹೇಳಿರಲಿಲ್ಲ. ಬರೆದವರು ಎಚ್ಚರದಿಂದಲೇ ಬರೆದಿದ್ದರು. ಆದರೆ ಲೇಖನವನ್ನು ಕೊನೆತನಕ ಓದುವವರು ಕೆಲವರು, ಚಿತ್ರ ನೋಡಿ ಪುಟ ತಿರುಗಿಸುವವರೇ ಹೆಚ್ಚು. ನನ್ನ ತಕರಾರು ಆ ಒಂದು ಸಾಲಿನ ಬಗ್ಗೆ.

ನಾನು ವೈದ್ಯನಲ್ಲ. ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ಸೇರಿ ಲೈನ್ ಮೇಲ್ವಿಚಾರಕನಾಗಿ ನಿವೃತ್ತನಾದೆ. ಮೂವತ್ತನಾಲ್ಕು ವರ್ಷ ಕಂಬ ಹತ್ತಿ ಇಳಿದವನಿಗೆ ಮಿದುಳಿನ ಗೊಡವೆ ಏಕೆ ಎಂದರೆ, ಮೂರು ವರ್ಷದ ಹಿಂದೆ ನನ್ನ ಹೆಂಡತಿಗೆ ಪಾರ್ಶ್ವವಾಯು ಆಯಿತು. ಬೆಳಿಗ್ಗೆ ಏಳುವಾಗಲೇ ಅವಳ ಬಾಯಿ ಒಂದು ಪಕ್ಕಕ್ಕೆ ವಾಲಿತ್ತು, ಬಲಗೈ ಸ್ವಾಧೀನದಲ್ಲಿರಲಿಲ್ಲ. ‘ಏನಾಯ್ತೇ?’ ಅಂದೆ. ‘ಅದೇ’ ಅಂದಳು. ‘ಯಾವುದು?’ ‘ಅದೇ ಅದೇ.’ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ತೊಂದರೆ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಂತೆ. ನಿದ್ದೆಯಲ್ಲಿ ಎಷ್ಟು ಹೊತ್ತಿಗೆ ಶುರುವಾಯಿತೋ ಯಾರು ನೋಡಿದ್ದಾರೆ? ಹಾಗಾಗಿ ಅದು ಸಿಗಲಿಲ್ಲ.

ಮೂರನೆಯ ದಿನ ಒಬ್ಬ ವೈದ್ಯರು ಎಂಆರ್‌ಐ ಫಿಲ್ಮನ್ನು ಬೆಳಕಿಗೆ ಹಿಡಿದು, ಪೆನ್ನಿನ ತುದಿಯಿಂದ ಬಿಳಿ ಮಚ್ಚೆಯೊಂದನ್ನು ತೋರಿಸಿ, ‘ಮಾತಿನ ಜಾಗವೇ ಹೋಗಿದೆ. ಮಾತಿನ ಆಸೆ ಇಟ್ಟುಕೊಳ್ಳಬೇಡಿ. ಕೈಕಾಲಿಗೆ ವ್ಯಾಯಾಮ ಮಾಡಿಸಿ’ ಅಂದರು. ಒರಟಾಗಿ ಹೇಳಲಿಲ್ಲ. ಅವರ ಹಿಂದೆ ಇನ್ನೂ ಹತ್ತು ಮಂಚಗಳಿದ್ದವು. ಅವರ ಮೇಲೆ ನನಗೆ ಸಿಟ್ಟಿಲ್ಲ, ನನ್ನ ಮೇಲೇ ಇದೆ. ಬಾಯಿಮಾತಿನಲ್ಲಿ ಹೇಳಿದ್ದರೆ ಇನ್ನೊಬ್ಬರನ್ನು ಕೇಳುತ್ತಿದ್ದೆನೇನೋ. ಚಿತ್ರ ತೋರಿಸಿಬಿಟ್ಟರಲ್ಲ, ನಂಬಿದೆ. ಒಂಬತ್ತು ತಿಂಗಳು ಅವಳನ್ನು ಯಾವ ಸ್ಪೀಚ್ ಥೆರಪಿಸ್ಟ್ ಹತ್ತಿರವೂ ಕರೆದೊಯ್ಯಲಿಲ್ಲ.

ಆ ಒಂಬತ್ತು ತಿಂಗಳು ನಮ್ಮ ಮನೆಯಲ್ಲಿ ಇದ್ದ ಮಾತು ‘ಅದೇ’ ಒಂದೇ. ಅದಕ್ಕೆ ಎಷ್ಟು ರಾಗಗಳಿದ್ದವು ಅಂತೀರಿ! ಎಳೆದು ಮೇಲೇರಿಸಿದರೆ ಪ್ರಶ್ನೆ. ಚಿಕ್ಕದಾಗಿ ಕಡಿದರೆ ಗದರಿಕೆ. ಎರಡು ಸಲ ನಿಧಾನವಾಗಿ ಹೇಳಿದರೆ ‘ಹೋಗಲಿ ಬಿಡಿ’. ಮೊಮ್ಮಗ ಸ್ಟೂಲನ್ನು ಅವಳ ಕಾಲ ಮೇಲೆ ಬೀಳಿಸಿದ ದಿನ ‘ಅಯ್ಯೋ ನಿನ್ನ!’ ಎಂದು ಸ್ಪಷ್ಟವಾಗಿ ಬೈದಳು. ನಾವೆಲ್ಲ ಓಡಿಬಂದು ‘ಇನ್ನೊಂದ್ಸಲ ಹೇಳು’ ಎಂದು ಗೋಗರೆದೆವು. ಮತ್ತೆ ‘ಅದೇ’. ಇನ್ನೊಂದು ವಿಚಿತ್ರ ಕೇಳಿ. ಅವಳು ಮಕ್ಕಳಿಗೆ ಮನೆಪಾಠ ಹೇಳುತ್ತಿದ್ದವಳು. ಮೊಮ್ಮಗ ಎರಡರ ಮಗ್ಗಿ ಒಪ್ಪಿಸುವಾಗ ಅವಳೂ ಜೊತೆಗೆ ‘ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು’ ಎಂದು ತಪ್ಪಿಲ್ಲದೆ ಹೇಳಿದಳು. ಆಮೇಲೆ ನಾಲ್ಕು ಬೆರಳು ತೋರಿಸಿ ‘ಇದೆಷ್ಟು?’ ಎಂದರೆ ತುಟಿ ಒದ್ದಾಡಿತು, ಮಾತು ಹೊರಡಲಿಲ್ಲ. ನಾಲಿಗೆ ಸತ್ತಿದ್ದರೆ ಮಗ್ಗಿಯೂ ಬರಬಾರದಿತ್ತು. ಆವತ್ತು ನನ್ನ ತಲೆಯಲ್ಲಿ ಮೊದಲ ಸಲ ಅನುಮಾನ ಹುಟ್ಟಿತು. ಲೈನ್ ಡೆಡ್ ಎಂದು ಬರೆದುಕೊಟ್ಟ ಕಡೆ ಟೆಸ್ಟರ್ ಮಿನುಗಿದರೆ ಹೇಗೋ ಹಾಗೆ.

ಆಮೇಲೆ ತಂಗಿಯ ಮಗಳ ಒತ್ತಾಯಕ್ಕೆ ಸ್ಪೀಚ್ ಥೆರಪಿಗೆ ಹೋದೆವು. ಆ ಥೆರಪಿಸ್ಟ್ ಹುಡುಗಿ ನನ್ನ ಪ್ರಶ್ನೆಗಳಿಗೆ ಬೇಸತ್ತು ಒಂದಿಷ್ಟು ಪ್ರಬಂಧಗಳನ್ನು ಪ್ರಿಂಟ್ ತೆಗೆದು ಕೊಟ್ಟಳು. ತಂಗಿಯ ಮಗಳು ಸಾಲು ಸಾಲಾಗಿ ಅರ್ಥ ಹೇಳಿದಳು. ಮುಂದೆ ಬರೆಯುವುದೆಲ್ಲ ಹೀಗೆ ಬಂದ ತಿಳಿವಳಿಕೆ.

ನಮ್ಮವಳಂಥವನೊಬ್ಬ ಪ್ಯಾರಿಸ್ ಬಳಿಯ ಬಿಸೆಟ್ರ್ ಆಸ್ಪತ್ರೆಯಲ್ಲಿ 21 ವರ್ಷ ಇದ್ದನಂತೆ. ಹೆಸರು ಲಬೋರ್ನ್, ಕಸುಬು ಬೂಟಿನ ಅಚ್ಚು ಮಾಡುವುದು. ಏನು ಕೇಳಿದರೂ ‘ತಾಂ ತಾಂ’ ಅನ್ನುತ್ತಿದ್ದ, ಹಾಗಾಗಿ ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ ಅವನ ಹೆಸರೇ ‘ತಾಂ’. 1861ರ ಏಪ್ರಿಲ್‌ನಲ್ಲಿ ಅವನು ತೀರಿಕೊಂಡಾಗ ಪಾಲ್ ಬ್ರೋಕಾ ಎಂಬ ಶಸ್ತ್ರವೈದ್ಯ ಅವನ ಮಿದುಳನ್ನು ನೋಡಿದ. ಎಡಗಡೆ, ಹಣೆಯ ಹಿಂಭಾಗದ ಕೆಳಗಿನ ಮಡಿಕೆಯಲ್ಲಿ ಗಾಯ ಕಂಡಿತು. ಅದೇ ವರ್ಷ ಲಲೋಂಗ್ ಎಂಬ 84ರ ಮುದುಕನ ಮಿದುಳಲ್ಲೂ ಹೆಚ್ಚುಕಡಿಮೆ ಅಲ್ಲೇ. ಆ ಮುದುಕನಿಗೆ ಉಳಿದಿದ್ದದ್ದು ಐದೇ ಪದ. ಅದರಲ್ಲಿ ಅಂಕಿ ಎಂದರೆ ‘ಮೂರು’ ಒಂದೇ. ಎಷ್ಟು ಎಂದು ಏನನ್ನೇ ಕೇಳಿದರೂ ‘ಮೂರು’ ಎಂದು, ಸರಿಯಾದ ಲೆಕ್ಕವನ್ನು ಬೆರಳಲ್ಲಿ ತೋರಿಸುತ್ತಿದ್ದನಂತೆ. ಇದನ್ನು ಕೇಳಿ ನಮ್ಮವಳು ನಕ್ಕಳು. ಅವಳದೂ ಬೆರಳ ಲೆಕ್ಕವೇ. ಆ ಮಡಿಕೆಗೆ ಬ್ರೋಕಾನ ಹೆಸರೇ ಅಂಟಿತು. ನಿಮ್ಮ ಚಿತ್ರದ ಕೆಂಪು ಮಚ್ಚೆಯ ನಡುವೆ ಇದ್ದದ್ದು ಅದೇ ಜಾಗ.

ಕಥೆ ಅಲ್ಲಿಗೇ ನಿಂತಿದ್ದರೆ ನಿಮ್ಮ ಅಡಿಬರಹ ಅರ್ಧವಾದರೂ ಸರಿ ಇರುತ್ತಿತ್ತು. ಆದರೆ ಬ್ರೋಕಾ ಒಂದು ಒಳ್ಳೆಯ ಕೆಲಸ ಮಾಡಿದ್ದ. ಆ ಎರಡೂ ಮಿದುಳುಗಳನ್ನು ಕೊಯ್ದು ಹಾಳು ಮಾಡದೆ, ಮೇಲಿನಿಂದಷ್ಟೇ ನೋಡಿ ಇಡಿಯಾಗಿ ಕಾಪಿಟ್ಟಿದ್ದ. 2007ರಲ್ಲಿ ನೀನಾ ಡ್ರಾಂಕರ್ಸ್ ಮತ್ತು ಸಂಗಡಿಗರು ಅವನ್ನು ಎಂಆರ್‌ಐ ಯಂತ್ರದೊಳಗಿಟ್ಟು ಚಿತ್ರ ತೆಗೆದರು. ಮೇಲೆ ಕಂಡದ್ದಕ್ಕಿಂತ ಒಳಗಿನ ಗಾಯ ಎಷ್ಟೋ ಆಳ. ಮಿದುಳಿನ ಮುಂಭಾಗವನ್ನೂ ಹಿಂಭಾಗವನ್ನೂ ಕೂಡಿಸುವ ನರತಂತುಗಳ ಉದ್ದನೆಯ ಕಟ್ಟು ಇಬ್ಬರಲ್ಲೂ ಕೆಟ್ಟಿತ್ತು. ಲಲೋಂಗನ ಮಿದುಳಲ್ಲಿಯಂತೂ, ಇವತ್ತು ‘ಬ್ರೋಕಾ ಜಾಗ’ ಎಂದು ಗೆರೆ ಹಾಕುವ ಪ್ರದೇಶದ ಹಿಂಬದಿಯ ತುಂಡು ಬಿಟ್ಟರೆ ಉಳಿದದ್ದು ಹೆಚ್ಚಿನಂಶ ಚೆನ್ನಾಗಿಯೇ ಇತ್ತು! ಇದಕ್ಕೂ ಮೊದಲೇ, 1978ರಲ್ಲಿ, ಜೆ.ಪಿ. ಮೋರ್ ಎಂಬವರು ತೋರಿಸಿದ್ದರು: ಗಾಯ ಆ ಜಾಗಕ್ಕಷ್ಟೇ ಸೀಮಿತವಾದರೆ ಮೊದಲು ಮಾತು ನಿಂತರೂ ಸಾಮಾನ್ಯವಾಗಿ ಬೇಗ ಮರಳುತ್ತದೆ, ಬಹುಕಾಲ ಉಳಿಯುವ ಮಾತಿನ ತೊಡಕಿಗೆ ಗಾಯ ಅದಕ್ಕಿಂತ ದೊಡ್ಡದಿರಬೇಕು.

ಕಂಬದ ಮೇಲಿನ ಕೆಲಸ ಮಾಡಿದವನಿಗೆ ಇದರಲ್ಲಿ ಆಶ್ಚರ್ಯವಿಲ್ಲ. ರಾತ್ರಿ ಫೋನ್ ಬರುತ್ತದೆ: ‘ನಮ್ಮ ಬೀದಿಗೆ ಕರೆಂಟಿಲ್ಲ.’ ಹೊಸ ಹುಡುಗ ಟಾರ್ಚು ಹಿಡಿದು ಅದೇ ಬೀದಿಗೆ ಓಡುತ್ತಾನೆ. ಅನುಭವಸ್ಥ ಲೈನ್ ಹಿಡಿದು ಹಿಂದಕ್ಕೆ ನಡೆಯುತ್ತಾನೆ. ಎಲ್ಲೋ ಎರಡು ಕಿಲೋಮೀಟರ್ ಆಚೆ ಜಂಪರ್ ಕಳಚಿರುತ್ತದೆ, ಇನ್ಸುಲೇಟರ್ ಒಡೆದಿರುತ್ತದೆ. ಕತ್ತಲಾದ ಬೀದಿಯ ಬಲ್ಬುಗಳಿಗೆ ಏನೂ ಆಗಿರುವುದಿಲ್ಲ. ಮಿದುಳಲ್ಲೂ ಹೀಗಾಗುತ್ತದೆ ಎಂದು ಕಾನ್‌ಸ್ಟಾಂಟಿನ್ ಫಾನ್ ಮೊನಾಕೋ 1914ರಲ್ಲೇ ಬರೆದಿದ್ದನಂತೆ. ಗಾಯವಾದ ಜಾಗದಿಂದ ದೂರವಿದ್ದು, ಅದರೊಡನೆ ನಂಟಿರುವ ಭಾಗಗಳು ತಮಗೆ ಪೆಟ್ಟಾಗದಿದ್ದರೂ ಕೆಲಸ ನಿಲ್ಲಿಸುತ್ತವೆ. ನಮ್ಮ ಭಾಷೆಯಲ್ಲಿ ಫೀಡರ್ ಟ್ರಿಪ್ ಆಗುವುದು.

ಇನ್ನು ನಿಮ್ಮ ಬಣ್ಣದ ಚಿತ್ರ ಹೇಗೆ ತಯಾರಾಗುತ್ತದೆ ಎಂಬುದಕ್ಕೆ ಬರುತ್ತೇನೆ, ಏಕೆಂದರೆ ಅದನ್ನು ನೋಡಿದವರೆಲ್ಲ ಒಬ್ಬ ರೋಗಿಯ ಫೋಟೋ ಎಂದುಕೊಂಡಿರುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ಅದು ಯಾರ ಮಿದುಳೂ ಅಲ್ಲ. ಎಡ ಮಿದುಳಿಗೆ ಪೆಟ್ಟಾದ ನೂರಾರು ಜನರ ಸ್ಕ್ಯಾನ್ ತೆಗೆದು, ಪ್ರತಿಯೊಬ್ಬರ ಗಾಯದ ಅಂಚನ್ನು ಗುರುತಿಸಿ, ಎಲ್ಲರ ಮಿದುಳನ್ನೂ ಒಂದೇ ಅಳತೆಯ ಮಾದರಿ ಮಿದುಳಿಗೆ ಹಿಗ್ಗಿಸಿ ಕುಗ್ಗಿಸಿ ಕೂರಿಸುತ್ತಾರೆ. ಆ ಮಾದರಿಯನ್ನು ಸಾಸಿವೆಕಾಳಿನಷ್ಟು ಸಣ್ಣ ಚೌಕಗಳಾಗಿ ಕತ್ತರಿಸಿದ ಹಾಗೆ ಲೆಕ್ಕ ಹಾಕುತ್ತಾರೆ; ಒಂದೊಂದು ಚೌಕಕ್ಕೂ ವಾಕ್ಸೆಲ್ ಎಂದು ಹೆಸರು. ಈಗ ಪ್ರತಿ ಚೌಕಕ್ಕೂ ಒಂದೇ ಪ್ರಶ್ನೆ: ಇಲ್ಲಿ ಗಾಯವಾದವರ ಮಾತಿನ ಅಂಕ ಎಷ್ಟು, ಆಗದವರದು ಎಷ್ಟು? ವ್ಯತ್ಯಾಸ ದೊಡ್ಡದಾದ ಕಡೆ ಕೆಂಪು ಬಳಿಯುತ್ತಾರೆ. ಎಲಿಜಬೆತ್ ಬೇಟ್ಸ್ ಮತ್ತು ಸಂಗಡಿಗರು 2003ರಲ್ಲಿ 101 ಜನರ ಮೇಲೆ ಹೀಗೆ ಮಾಡಿದಾಗ ಮಾತಿನ ಓಟಕ್ಕೆ, ಅಂದರೆ ನಿರರ್ಗಳತೆಗೆ, ಹೆಚ್ಚು ಸಂಬಂಧ ಕಂಡದ್ದು ಬ್ರೋಕಾ ಜಾಗದಲ್ಲಲ್ಲ. ಮಡಿಕೆಯೊಳಗೆ ಅಡಗಿರುವ ಇನ್ಸುಲಾ ಎಂಬ ಭಾಗ, ಜೊತೆಗೆ ಆಳದಲ್ಲಿ ಬಿಲ್ಲಿನಂತೆ ಬಾಗಿ ಹೋಗುವ ತಂತುಗಳ ಕಟ್ಟು. ಕೇಳಿ ಅರ್ಥ ಮಾಡಿಕೊಳ್ಳುವುದಕ್ಕೆ ಕಂಡದ್ದು ಇನ್ನೂ ಹಿಂದೆ, ಕಿವಿಯ ಕಡೆಯ ಭಾಗದಲ್ಲಿ.

ಒಳ್ಳೆಯ ವಿಧಾನ. ನಮ್ಮ ದೂರು ಪುಸ್ತಕಗಳನ್ನು ಯಾರಾದರೂ ಹೀಗೆ ಒಟ್ಟು ಮಾಡಿ ಲೆಕ್ಕ ಹಾಕಿದ್ದರೆ ಎಷ್ಟೋ ರಾತ್ರಿ ನಿದ್ದೆ ಉಳಿಯುತ್ತಿತ್ತು. ಆದರೆ ಅದೇ ದೂರು ಪುಸ್ತಕ ಹೇಗೆ ದಾರಿ ತಪ್ಪಿಸುತ್ತದೆ ಎಂಬುದೂ ನನಗೆ ಗೊತ್ತು. ನಾನು ಕೆಲಸ ಮಾಡಿದ ಒಂದು ಲೈನಿನಲ್ಲಿ ಗಾಳಿ ಯಾವಾಗಲೂ ಒಂದೇ ದಿಕ್ಕಿನಿಂದ ಬೀಸುತ್ತಿತ್ತು. ಸಾಲುಮರಗಳ ಪಕ್ಕದ ಏಳೆಂಟು ಕಂಬಗಳು ಬಿದ್ದರೆ ಒಟ್ಟಿಗೇ ಬೀಳುತ್ತಿದ್ದವು. ಅವುಗಳಲ್ಲಿ ನಾಲ್ಕನೆಯ ಕಂಬದ ಬಳಿ ನೆಲ ಸಡಿಲ, ಹಾಗಾಗಿ ಸಣ್ಣ ಗಾಳಿಗೂ ಅದು ವಾಲುತ್ತಿತ್ತು. ಪುಸ್ತಕ ನೋಡಿದವರು ‘ಕರೆಂಟ್ ಹೋದಾಗಲೆಲ್ಲ ನಾಲ್ಕನೆಯ ಕಂಬ ಬಿದ್ದಿದೆ, ಆದ್ದರಿಂದ ಊರಿನ ದೀಪವೆಲ್ಲ ನಾಲ್ಕನೆಯ ಕಂಬದಲ್ಲಿದೆ’ ಎಂದು ಬರೆಯಬಹುದಿತ್ತು. ನಿಜವಾಗಿ ಕೈ ಕೊಡುತ್ತಿದ್ದದ್ದು ಆರನೆಯ ಕಂಬದ ಮೇಲಿದ್ದ ಕವಲು.

ಮಿದುಳಲ್ಲಿ ಆ ಗಾಳಿ ಯಾವುದೆಂದರೆ ರಕ್ತನಾಳ. ಪಾರ್ಶ್ವವಾಯು ಮನಬಂದ ಕಡೆ ಗಾಯ ಮಾಡುವುದಿಲ್ಲ, ನಾಳ ಹೋದ ದಾರಿಯಲ್ಲೇ ಮಾಡುತ್ತದೆ. ಮಾತಿಗೆ ಸಂಬಂಧಿಸಿದ ಪ್ರದೇಶಗಳಿಗೆಲ್ಲ ರಕ್ತ ಒಯ್ಯುವುದು ಬಹುಪಾಲು ಒಂದೇ ಧಮನಿ, ಎಡಬದಿಯ ಮಿಡಲ್ ಸೆರೆಬ್ರಲ್ ಆರ್ಟರಿ. ಅದು ಕಟ್ಟಿಕೊಂಡರೆ ಅಕ್ಕಪಕ್ಕದ ಜಾಗಗಳು ಜೊತೆಜೊತೆಗೇ ಕೆಡುತ್ತವೆ. ಇನ್ಸುಲಾ ಆ ಧಮನಿಯ ಹಾದಿಯಲ್ಲೇ ಕೂತಿರುವ ನಾಲ್ಕನೆಯ ಕಂಬ. 1996ರಲ್ಲಿ ಇದೇ ಡ್ರಾಂಕರ್ಸ್ ಅವರು, ಉಚ್ಚಾರಣೆಯನ್ನು ಹೊಂದಿಸಿಕೊಳ್ಳಲಾರದ 25 ಮಂದಿಯಲ್ಲಿ ಎಲ್ಲರಿಗೂ ಇನ್ಸುಲಾದ ಒಂದು ತುಣುಕಿನಲ್ಲಿ ಗಾಯವಿದೆ, ಆ ತೊಂದರೆಯಿಲ್ಲದ 19 ಮಂದಿಯಲ್ಲಿ ಒಬ್ಬರಿಗೂ ಅಲ್ಲಿಲ್ಲ ಎಂದು ತೋರಿಸಿದ್ದರು. ಇದಕ್ಕಿಂತ ಗಟ್ಟಿ ಪುರಾವೆ ಬೇಕೆ ಅನ್ನಿಸುತ್ತದಲ್ಲವೇ? 2004ರಲ್ಲಿ ಆರ್ಗೈ ಹಿಲ್ಲಿಸ್ ಮತ್ತು ಸಂಗಡಿಗರು 80 ಜನರನ್ನು ಪಾರ್ಶ್ವವಾಯು ಆದ ಹೊಸದರಲ್ಲೇ ಪರೀಕ್ಷಿಸಿ, ಗಾಯದ ಜೊತೆಗೆ ರಕ್ತದ ಹರಿವನ್ನೂ ಅಳೆದರು. ಆಗ ಇನ್ಸುಲಾದ ನಂಟು ಕಾಣಲಿಲ್ಲ, ಮತ್ತೆ ಬ್ರೋಕಾ ಜಾಗವೇ ಮುಂದೆ ಬಂತು. ದೊಡ್ಡ ಪಾರ್ಶ್ವವಾಯುಗಳಲ್ಲಿ ಇನ್ಸುಲಾ ಹೇಗೂ ಕೆಡುತ್ತದೆ ಎಂಬುದು ಅವರ ವಾದ. 2014ರಲ್ಲಿ ಇನ್ನೊಂದು ತಂಡ, ರಕ್ತನಾಳಗಳ ಈ ವಿನ್ಯಾಸ ಇಂಥ ನಕ್ಷೆಗಳನ್ನೇ ನಿಜವಾದ ಜಾಗದಿಂದ ಪಕ್ಕಕ್ಕೆ ಎಳೆದುಬಿಡುತ್ತದೆ ಎಂದು ದೊಡ್ಡ ಲೆಕ್ಕ ಹಾಕಿ ತೋರಿಸಿತು. ಯಾರು ಸರಿ ಎಂದು ತೀರ್ಪು ಕೊಡಲು ನಾನು ಯಾರು? ಪಂಡಿತರೇ ಹೀಗೆ ಹಗ್ಗ ಜಗ್ಗುತ್ತಿರುವ ಜಾಗಕ್ಕೆ ಪತ್ರಿಕೆ ‘ಇಲ್ಲಿದೆ’ ಎಂದು ಬಾಣದ ಗುರುತು ಹಾಕಬಾರದು, ಅಷ್ಟೇ.

ನಕ್ಷೆಯಲ್ಲಿ ಬಣ್ಣವಿಲ್ಲದ ಜಾಗದ ಬಗ್ಗೆಯೂ ಒಂದು ಮಾತು. ಅಲ್ಲಿ ಮಾತಿಗೆ ಸಂಬಂಧಿಸಿದ್ದು ಏನೂ ಇಲ್ಲ ಎಂದಲ್ಲ. ಪಾರ್ಶ್ವವಾಯು ಅಪರೂಪಕ್ಕೆ ಮುಟ್ಟುವ ಜಾಗವೂ ಖಾಲಿಯಾಗಿಯೇ ಕಾಣುತ್ತದೆ. ಬೀಳದ ಕಂಬದ ವಿಷಯ ದೂರು ಪುಸ್ತಕದಲ್ಲಿ ಬರುವುದಿಲ್ಲವಲ್ಲ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ‘ಮಾತಿನ ಅಂಕ’ ಎಂದೆನಲ್ಲ, ಆ ಅಂಕ ಯಾವುದು? ಥೆರಪಿಸ್ಟ್ ಹುಡುಗಿ ಮೊದಲ ದಿನ ಒಂದು ಚಿತ್ರ ಕೊಟ್ಟು ‘ಇದರಲ್ಲಿ ಏನಾಗ್ತಿದೆ ಹೇಳಮ್ಮ’ ಅಂದಳು. ಹೇಳಿದ್ದನ್ನು, ಹೇಳದ್ದನ್ನು ಗಮನಿಸಿ ಮಾತಿನ ಓಟಕ್ಕೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಬರೆದಳು. ಅದು ಬಹಳ ಕಡೆ ಬಳಕೆಯಲ್ಲಿರುವ ಪದ್ಧತಿ. ನಮ್ಮವಳಿಗೆ ಬಂದದ್ದು ಒಂದು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಒಬ್ಬ ಯಜಮಾನರು ನನ್ನ ಕೈ ಹಿಡಿದುಕೊಂಡು ಹೊಳೆ ಹರಿದ ಹಾಗೆ ಮಾತಾಡಿದರು. ಏರಿಳಿತ ಸರಿ, ವೇಗ ಸರಿ, ಮುಖದಲ್ಲಿ ನಗು. ಒಂದು ವಾಕ್ಯಕ್ಕೂ ಅರ್ಥವಿರಲಿಲ್ಲ, ಅರ್ಧ ಪದಗಳು ಯಾವ ಭಾಷೆಯವೂ ಅಲ್ಲ. ನಾನು ಹೇಳಿದ್ದೂ ಅವರಿಗೆ ತಿಳಿಯುತ್ತಿರಲಿಲ್ಲ. ಅವರಿಗೂ ಪಾರ್ಶ್ವವಾಯುವೇ, ಪೆಟ್ಟು ಬಿದ್ದದ್ದು ಹಿಂಭಾಗದಲ್ಲಿ. ಇಂಥವರನ್ನು 1874ರಲ್ಲಿ ಕಾರ್ಲ್ ವೆರ್ನಿಕೆ ವಿವರಿಸಿದನಂತೆ. ಓಟದ ಅಂಕ ಮಾತ್ರ ನೋಡಿದರೆ ಅವರು ನಮ್ಮವಳಿಗಿಂತ ಎಷ್ಟೋ ಮುಂದೆ. ಆದರೆ ಮನೆಯ ವ್ಯವಹಾರವನ್ನೆಲ್ಲ ಕಿವಿಯಿಂದ ಕೇಳಿ, ತಪ್ಪಿದ ಕಡೆ ‘ಅದೇ!’ ಎಂದು ತಡೆಯುತ್ತಿದ್ದವಳು ನಮ್ಮವಳು.

ಕಡಿಮೆ ಅಂಕ ಬಂದವರೂ ಒಂದೇ ಕಾರಣಕ್ಕೆ ಮುಗ್ಗರಿಸುವುದಿಲ್ಲ. ಒಬ್ಬರಿಗೆ ತುಟಿ ನಾಲಿಗೆಯ ಸ್ನಾಯುವೇ ಬಲಹೀನ. ಇನ್ನೊಬ್ಬರಿಗೆ ಸ್ನಾಯುವಿಗೆ ಬಲವಿದೆ, ಯಾವುದು ಮೊದಲು ಯಾವುದು ಆಮೇಲೆ ಎಂಬ ಹೊಂದಾಣಿಕೆ ಇಲ್ಲ. ಮತ್ತೊಬ್ಬರಿಗೆ ಪದವೇ ಸಿಗದು. ಇನ್ನು ಕೆಲವರಿಗೆ ಪದ ಸಿಕ್ಕಿದರೂ ವಾಕ್ಯವಾಗಿ ಹೆಣೆಯಲಾಗದು, ಅಥವಾ ಮಾತು ಶುರು ಮಾಡುವ ದೂಡುವಿಕೆಯೇ ಒಳಗಿನಿಂದ ಬಾರದು. ಎಲ್ಲವೂ ಸೇರಿ ಹೊರಗೆ ಕಾಣುವುದು ಒಂದೇ: ತಡವರಿಕೆ. ‘ಕರೆಂಟಿಲ್ಲ’ ಎಂಬ ಒಂದೇ ದೂರಿನ ಹಿಂದೆ ಫ್ಯೂಸೂ ಇರಬಹುದು, ತಂತಿಯೂ ಇರಬಹುದು, ಮನೆಯೊಳಗಿನ ಸ್ವಿಚ್ಚೂ ಇರಬಹುದು. ಇವೆಲ್ಲವನ್ನೂ ಒಂದು ಅಂಕದಲ್ಲಿ ಕಲಸಿ ನಕ್ಷೆ ಬರೆದರೆ ಬರುವುದು ದೊಡ್ಡದೊಂದು ಕೆಂಪು ಮಚ್ಚೆಯೇ. ಈಚಿನ ಸಂಶೋಧಕರು ಬಿಡಿಸಿ ನೋಡತೊಡಗಿದ್ದಾರೆ. ಯೂಲಿಯಸ್ ಫ್ರಿಡ್ರಿಕ್ಸನ್ ಅವರ ತಂಡ 2013ರಲ್ಲಿ, ಮಾತಿನ ಓಟ ಮುರಿಯುವುದರ ಗುರುತು ಮೇಲ್ಮೈಯ ಯಾವ ಮಡಿಕೆಗಿಂತಲೂ ಆ ಬಿಲ್ಲಿನ ಆಕಾರದ ಕಟ್ಟಿನ ಮುಂದಿನ ಭಾಗದಲ್ಲಿ ಚೆನ್ನಾಗಿ ಸಿಗುತ್ತದೆ ಎಂದಿತು. ಮರುವರ್ಷ ಇನ್ನೊಂದು ಓರೆ ಕಟ್ಟಿನ ಹೆಸರೂ ಸೇರಿತು. ತಂತಿಗಳ ಕಡೆಗೆ ಬಂದರಲ್ಲ ಎಂದು ನನಗೆ ಒಳಗೊಳಗೇ ಸಂತೋಷ.

ನಮ್ಮವಳ ತೊಡಕು ಬಿಡಿಸಿ ನೋಡಿದಾಗ ಮೂರು ಎಳೆ ಸಿಕ್ಕವು. ಒಂದು, ಉಚ್ಚಾರಣೆಯ ಹೊಂದಾಣಿಕೆ. ‘ಕಿಟಕಿ’ ಎನ್ನಲು ಹೋಗಿ ಒಂದು ಸಲ ‘ತಿಟಕಿ’, ಇನ್ನೊಂದು ಸಲ ‘ಕಿಪಕಿ’. ತಪ್ಪೂ ಪ್ರತಿ ಸಲ ಒಂದೇ ಅಲ್ಲ. ಸ್ನಾಯು ಬಲಹೀನವಾದರೆ ತಪ್ಪು ಹೆಚ್ಚುಕಡಿಮೆ ಒಂದೇ ತರಹ ಇರುತ್ತದಂತೆ. ಎರಡು, ಪದ ಹುಡುಕುವುದು. ಮೂರನೆಯದು ನಮಗೆ ಮನೆಯಲ್ಲಿ ಬಹಳ ಜಗಳ ತಂದದ್ದು, ಕ್ರಿಯಾಪದದ ಬಾಲ. ಪದಗಳು ಒಂದೊಂದಾಗಿ ಮರಳತೊಡಗಿದ ಮೇಲೆ ಒಂದು ದಿನ ‘ಮಗಳು ಬಾ’ ಅಂದಳು. ಮಗಳನ್ನು ಕರೆಯಲು ಹೇಳುತ್ತಿದ್ದಾಳೆ ಎಂದುಕೊಂಡು ನಾನು ಫೋನ್ ಹಚ್ಚಿದೆ. ಅವಳಿಗೆ ಕೋಪ. ಮಗಳು ಆಗಲೇ ಬಂದು ಬಾಗಿಲಲ್ಲಿ ನಿಂತಿದ್ದಳು. ‘ಬಂದಳು’ ಎನ್ನಬೇಕಾದ ಕಡೆ ‘ಬಾ’. ‘ಕುಡೀತೀನಿ’ಗೆ ‘ಕುಡಿ’, ‘ಕೊಟ್ಟರು’ಗೆ ‘ಕೊಡು’. ಕನ್ನಡದಲ್ಲಿ ಬಾಲ ಕಳಚಿದ ಕ್ರಿಯಾಪದ ಆಜ್ಞೆಯಾಗಿ ಕೇಳಿಸುತ್ತದೆ. ಅವಳು ಸುದ್ದಿ ಹೇಳುತ್ತಿದ್ದಳು, ನಮ್ಮ ಕಿವಿಗೆ ಹುಕುಂ ಕೇಳಿಸುತ್ತಿತ್ತು. ಕಾಯಿಲೆ ಬಿದ್ದ ಮೇಲೆ ಅತ್ತೆಗೆ ದರ್ಪ ಬಂದಿದೆ ಎಂದು ಸೊಸೆ ಕಣ್ಣೀರು ಹಾಕಿದ್ದಳು. ಥೆರಪಿಸ್ಟ್ ಹೇಳುವವರೆಗೆ ನಮಗೆ ಯಾರಿಗೂ ಇದು ಹೊಳೆದಿರಲಿಲ್ಲ. ಯಾವ ಬಣ್ಣದ ಚಿತ್ರವೂ ಇದನ್ನು ತೋರಿಸಿರಲಿಲ್ಲ. (ನೋಡಲು ಬಂದ ನೆಂಟರು ಅವಳ ಜೊತೆ ಕಿವುಡರ ಹತ್ತಿರ ಮಾತಾಡಿದ ಹಾಗೆ ಕಿರುಚುತ್ತಿದ್ದರು, ಅದು ಇನ್ನೊಂದು ಕಥೆ.)

ಥೆರಪಿ ಎಂದರೆ ಏನೋ ಯಂತ್ರ ಎಂದುಕೊಂಡಿದ್ದೆ. ಎದುರು ಕೂತು ಬಾಯಿ ನೋಡಿ ಹೇಳಿಸುವುದು, ಎಡಗೈಯಲ್ಲಿ ಮೇಜಿನ ಮೇಲೆ ತಾಳ ಹಾಕುತ್ತ ರಾಗವಾಗಿ ಎಳೆದು ಹೇಳಿಸುವುದು, ಚಿತ್ರ ತೋರಿಸಿ ‘ಯಾರು, ಏನು ಮಾಡ್ತಿದ್ದಾರೆ, ಯಾರಿಗೆ?’ ಎಂದು ಕೇಳುವುದು. ಮಗ್ಗಿಯನ್ನೂ ಬಿಡಲಿಲ್ಲ. ‘ನಾಲ್ಕು’ ಬೇಕಾದರೆ ಮನಸ್ಸಿನಲ್ಲೇ ಎರಡರ ಮಗ್ಗಿ ಹತ್ತಿ ನಾಲ್ಕರಲ್ಲಿ ಇಳಿಯುವುದನ್ನು ಕಲಿಸಿದಳು. ಮನೆಯಲ್ಲಿ ದಿನಕ್ಕೆ ಎರಡು ಹೊತ್ತು ನಾನು ಮಾಡಿಸಬೇಕಿತ್ತು. ನನಗೆ ತಾಳ್ಮೆ ಸಾಲದೆ ನಾನೇ ಪದ ಹೇಳಿಬಿಡುತ್ತಿದ್ದೆ. ಅದಕ್ಕೆ ಬೈಸಿಕೊಂಡೆ. ನಾಲ್ಕನೆಯ ತಿಂಗಳು ಒಂದು ರಾತ್ರಿ, ಕೇಳದೆ ತಾನಾಗಿ ಹೊರಟ ಮೊದಲ ಹೊಸ ಮಾತು: ‘ಫ್ಯಾನು... ಆಫು.’ ಆಯುಷ್ಯವೆಲ್ಲ ಕರೆಂಟಿನಲ್ಲಿ ಕಳೆದವನ ಹೆಂಡತಿ, ಬೇರೆ ಏನು ಹೇಳಿಯಾಳು! ಎದ್ದು ಆಫ್ ಮಾಡಿದೆ. ಆಮೇಲೆ ಬಹಳ ಹೊತ್ತು ನಿದ್ದೆ ಬರಲಿಲ್ಲ, ಸೆಕೆಯಿಂದ ಅಲ್ಲ.

ಇದನ್ನು ಪವಾಡ ಎನ್ನಬೇಡಿ. ಪಾರ್ಶ್ವವಾಯುವಾಗಿ ಆರು ತಿಂಗಳು ದಾಟಿದರೆ ಮುಗಿಯಿತು ಎಂದು ನಂಬಿದ್ದವರು ಬಹಳ. ಜರ್ಮನಿಯಲ್ಲಿ ಹಾಗೆ ಆರು ತಿಂಗಳು ದಾಟಿದ 156 ಜನರ ಮೇಲೆ ಪರೀಕ್ಷೆ ನಡೆಯಿತು. ವಾರಕ್ಕೆ ಹತ್ತು ಗಂಟೆಗೆ ಕಡಿಮೆಯಿಲ್ಲದಂತೆ ಮೂರು ವಾರ ಥೆರಪಿ ಕೊಟ್ಟಾಗ ದಿನನಿತ್ಯದ ಮಾತು ಸುಧಾರಿಸಿತು, ಸರದಿಗಾಗಿ ಕಾಯುತ್ತ ಕೂತಿದ್ದವರದು ಸುಧಾರಿಸಲಿಲ್ಲ. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದು ಬಂದಿದೆ. ನಮ್ಮವಳು ಪೂರ್ತಿ ಸರಿಹೋಗಿಲ್ಲ. ಇವತ್ತಿಗೂ ಮೂರು ನಾಲ್ಕು ಪದದ ವಾಕ್ಯ, ನಡುನಡುವೆ ದೀರ್ಘ ಮೌನ. ದಣಿದಾಗ ‘ಅದೇ’ ಮರಳಿ ಬರುತ್ತದೆ. ಆದರೆ ಆ ಒಂಬತ್ತು ತಿಂಗಳಲ್ಲೇ ಶುರು ಮಾಡಿದ್ದರೆ ಎಲ್ಲಿರುತ್ತಿದ್ದಳು ಎಂಬುದನ್ನು ನಾನು ರಾತ್ರಿ ಹೊತ್ತು ಲೆಕ್ಕ ಹಾಕುತ್ತೇನೆ.

ಸ್ಕ್ಯಾನ್ ನೋಡಿ ಭವಿಷ್ಯ ಹೇಳುವ ಪ್ರಯತ್ನವೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಲಂಡನ್ನಿನಲ್ಲಿ ಕ್ಯಾಥಿ ಪ್ರೈಸ್ ಅವರ ಗುಂಪು ಬಹಳಷ್ಟು ರೋಗಿಗಳ ಸ್ಕ್ಯಾನನ್ನೂ ಅವರ ಮಾತು ತಿಂಗಳು ವರ್ಷಗಳಲ್ಲಿ ಹೇಗೆ ಬದಲಾಯಿತು ಎಂಬುದನ್ನೂ ಕೂಡಿಡುತ್ತ ಬಂದಿದೆ. ಹೊಸ ರೋಗಿ ಬಂದರೆ, ಅವರ ಗಾಯವನ್ನು ಹೋಲುವ ಗಾಯವಿದ್ದ ಹಳಬರು ಎಷ್ಟು ಕಾಲಕ್ಕೆ ಎಷ್ಟು ಚೇತರಿಸಿಕೊಂಡರು ಎಂದು ನೋಡಿ ಅಂದಾಜು ಹೇಳುವುದು ಅವರ ಗುರಿ. ಇದು ಪ್ರಾಮಾಣಿಕ ದಾರಿ ಅನ್ನಿಸುತ್ತದೆ. ಇದರಲ್ಲಿ ಕಾಲಕ್ಕೆ ಜಾಗವಿದೆ. ಒಂದು ಫೀಡರ್ ಹೋದರೆ ಇನ್ನೊಂದು ಕಡೆಯಿಂದ ಹಿಮ್ಮುಖವಾಗಿ ಕರೆಂಟ್ ಕೊಡುವುದುಂಟು, ಪೂರ್ತಿ ಲೋಡ್ ಹೊರದಿದ್ದರೂ ಒಂದೆರಡು ದೀಪ ಉರಿಯುತ್ತದೆ. ಮಿದುಳೂ ಉಳಿದ ದಾರಿಗಳನ್ನು ಹೀಗೆ ಬಳಸಿಕೊಳ್ಳುತ್ತದೆ, ಕೆಲವರಲ್ಲಿ ಬಲಗಡೆಯದನ್ನೂ. ಯಾರಲ್ಲಿ ಎಷ್ಟು ಎಂಬುದು ಮೂರನೆಯ ದಿನದ ಫಿಲ್ಮಿನಲ್ಲಿ ಬರೆದಿರುವುದಿಲ್ಲ. ಆಗಿನ್ನೂ ಊತ ಇಳಿದಿರುವುದಿಲ್ಲ.

ಪಾರ್ಶ್ವವಾಯು ಆದವರಲ್ಲಿ ಸುಮಾರು ಮೂವರಿಗೊಬ್ಬರಿಗೆ ಆರಂಭದಲ್ಲಿ ಮಾತಿನ ತೊಡಕು ಇರುತ್ತದೆ. ಅವರ ಮನೆಯವರೂ ನಿಮ್ಮ ಓದುಗರೇ. ಆದ್ದರಿಂದ ಕೋರಿಕೆ ಇಷ್ಟು: ಇಂಥ ಚಿತ್ರ ಅಚ್ಚು ಮಾಡುವಾಗ ಅದು ಹಲವರನ್ನು ಒಟ್ಟು ಮಾಡಿದ ಲೆಕ್ಕ, ಒಬ್ಬ ರೋಗಿಯ ಫೋಟೋ ಅಲ್ಲ ಎಂದು ಅಡಿಯಲ್ಲಿ ಬರೆಯಿರಿ. ಎಷ್ಟು ಜನ, ಪಾರ್ಶ್ವವಾಯುವಾಗಿ ಎಷ್ಟು ದಿನಕ್ಕೆ ಅಳೆದದ್ದು, ಮಾತಿನ ಯಾವ ಅಂಶವನ್ನು ಅಳೆದದ್ದು ಎಂಬ ಮೂರು ವಿವರಕ್ಕೆ ಒಂದು ಸಾಲು ಸಾಕು. ‘ಮಾತು ಮರಳದು’ ಎಂಬ ಪದಗಳನ್ನು ದಯವಿಟ್ಟು ಹಿಂದಕ್ಕೆ ತೆಗೆದುಕೊಳ್ಳಿ. ತಿದ್ದುಪಡಿಯನ್ನು ಒಳಪುಟದ ಮೂಲೆಯಲ್ಲಿ ಹಾಕದೆ, ಚಿತ್ರ ಬಂದ ಜಾಗದಲ್ಲೇ ಹಾಕಿದರೆ ಉಪಕಾರ.

ಈ ಪತ್ರವನ್ನು ಅಂಚೆಗೆ ಹಾಕುವ ಮೊದಲು ಅವಳಿಗೆ ಓದಿ ಹೇಳಿದೆ. ಮೊದಲು ನಾನು ‘ಎಂಟು ತಿಂಗಳು’ ಎಂದು ಬರೆದಿದ್ದೆ. ಅಲ್ಲಿಗೆ ಬಂದ ಕೂಡಲೇ ‘ಅಲ್ಲ’ ಎಂದು ಒಂದು ಕೈಯಲ್ಲೇ ಐದು, ಆಮೇಲೆ ನಾಲ್ಕು ಬೆರಳು ತೋರಿಸಿದಳು. ಆಸ್ಪತ್ರೆಯ ಚೀಟಿಗಳನ್ನು ತೆಗೆದು ನೋಡಿದರೆ ಅವಳು ಹೇಳಿದ್ದೇ ಸರಿ, ತಿದ್ದಿದ್ದೇನೆ. ಕೊನೆತನಕ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ತುಟಿ ಹೊಂದಿಸಿಕೊಂಡು, ‘ರೀ... ಉದ್ದ... ಆಯ್ತು’ ಅಂದಳು.

ಇತಿ,
ಒಬ್ಬ ನಿವೃತ್ತ ಲೈನ್ ಮೇಲ್ವಿಚಾರಕ
(ಹೆಸರು, ವಿಳಾಸ ಪ್ರಕಟಿಸಬಾರದೆಂದು ಕೋರಿಕೆ)